ವೋಟಿಲ್ಲದ ದಡ

ಭಗವಂತರಾಯ ಮೇಸ್ತ್ರಿಯನ್ನು ಬೈಯದೆ ಆಯಪ್ಪನ ಕತೆ ಹೇಳಲು ನನಗೆ ಬರುವುದಿಲ್ಲ. ಎದುರಿಗೇ ಬೈದವಳು ನಾನು, ಬರೆಯುವಾಗ ಬಿಡುತ್ತೇನೆಯೇ? ಮನುಷ್ಯ ಒಳ್ಳೆಯವನೇ. ಕುಡಿತವಿಲ್ಲ, ಕೆಲಸದಲ್ಲಿ ಮೋಸವಿಲ್ಲ, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಆದರೆ ಹಟ ಅಂದರೆ ಹಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಬೇರೆ ಯಾವ ವಿಷಯದಲ್ಲಾದರೂ ಆ ಹಟ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಯಪ್ಪ ಮಾಡಿದ್ದು ವೋಟಿನ ವಿಷಯದಲ್ಲಿ.

ನಮ್ಮದು ಕೆ.ಆರ್. ಪುರದ ಹಿಂಬದಿ, ರಾಜಕಾಲುವೆಯ ಪಕ್ಕ. ಹೆಸರು ಕೇಳಿ ಮರುಳಾಗಬೇಡಿ. ಕೆರೆಯಿಂದ ಕೆರೆಗೆ ನೀರು ಹೋಗಲೆಂದು ಹಿಂದಿನವರು ತೋಡಿದ್ದು, ಈಗ ಊರಿನ ಕೊಳಚೆಯೆಲ್ಲ ಅದರಲ್ಲೇ. ಈ ದಡದಲ್ಲಿ ನಮ್ಮಂಥ ಹಳೆಯ ಊರಿನವರ ಸ್ವಂತ ಮನೆಗಳು. ಆ ದಡದಲ್ಲಿ ಸಾಲು ಸಾಲು ಬಾಡಿಗೆ ರೂಮುಗಳು. ಹಾಲೋಬ್ಲಾಕ್ ಗೋಡೆ, ಮೇಲೆ ಶೀಟು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಲ್ಲಿರುತ್ತಾರೆ, ಹೆಚ್ಚುಕಮ್ಮಿ ಎಲ್ಲ ಒಂದೇ ಹಳ್ಳಿಯ ಒಂದೇ ಓಣಿಯವರು. ನಡುವೆ ಒಂದು ಸಣ್ಣ ಸೇತುವೆ. ಅದರ ಪಕ್ಕದಲ್ಲೇ ನನ್ನ ದಿನಸಿ ಅಂಗಡಿ, ಹಿಂದೆ ಮನೆ. ಹಾಗಾಗಿ ಎರಡೂ ಕಡೆಯ ಸುದ್ದಿ ಮೊದಲು ಬರುವುದು ಈ ಶಾಂತಕುಮಾರಿಯ ಕಿವಿಗೇ.

ಭಗವಂತರಾಯ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಿಂದ ಕೂಲಿಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕಲಿತು ಮೇಸ್ತ್ರಿಯಾದ. ಇಂದಿರಾನಗರ, ದೊಮ್ಮಲೂರುಗಳಲ್ಲಿ ಆಯಪ್ಪನ ಕೈಯಲ್ಲಿ ಎದ್ದ ಮನೆಗಳು ಎಷ್ಟೋ ಇವೆ. ಊರಿನಿಂದ ಬಂದವರಿಗೆ ಕೆಲಸ ಕೊಡಿಸುವವನು, ರೂಮು ಹುಡುಕುವವನು, ಗಂಡ ಹೆಂಡಿರ ಜಗಳ ಬಿಡಿಸುವವನು ಎಲ್ಲ ಅವನೇ. ಆ ದಡದಲ್ಲಿ ಮೇಸ್ತ್ರಿ ಒಂದು ಮಾತು ಹೇಳಿದರೆ ಮುಗಿಯಿತು.

ಮನೆಯಲ್ಲಿ ಮಾತ್ರ ಮುಗಿಯುತ್ತಿರಲಿಲ್ಲ. ಹೆಂಡತಿ ಸುಭದ್ರಮ್ಮ ಗಟ್ಟಿಗಿತ್ತಿ. ಮೊದಲ ಸಲ ಅಂಗಡಿಗೆ ಬಂದವಳೇ ಜೋಳವನ್ನು ಅಂಗೈಯಲ್ಲಿ ಹರವಿ, "ಇದು ಮಂದಿ ತಿನ್ನೋ ಜೋಳೇನ್ರಿ ಅಕ್ಕಾ, ಕೋಳಿಗಿ ಹಾಕೋದೇನ್ರಿ?" ಎಂದು ಕೇಳಿದ್ದಳು. ನನಗೆ ಮೈಯೆಲ್ಲ ಉರಿಯಿತು. "ಕೋಳಿ ಸುಮ್ನೆ ತಿಂದ್ಕೊಂಡು ಹೋಗುತ್ತಮ್ಮ, ಇಷ್ಟು ಮಾತಾಡಲ್ಲ" ಅಂದೆ. ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ನನಗೆ ಅವಳಿಲ್ಲದೆ ಸಂಜೆಯ ಕಾಫಿ ಇಳಿಯುತ್ತಿರಲಿಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳನ್ನೆಲ್ಲ ಹಗಲು ಹೊತ್ತು ನೋಡಿಕೊಳ್ಳುತ್ತಿದ್ದವಳು ಅವಳೇ.

ಎಲೆಕ್ಷನ್ ಬಂತೆಂದರೆ ಆ ದಡಕ್ಕೆ ಬಸ್ಸು ಬರುತ್ತಿತ್ತು. ಊರಿನ ಮುಖಂಡರು ಕಳಿಸುತ್ತಿದ್ದ ಬಸ್ಸು. ಹೊಸ ಸೀರೆ ಉಟ್ಟುಕೊಂಡು, ಬುತ್ತಿ ಕಟ್ಟಿಕೊಂಡು, ಮದುವೆ ದಿಬ್ಬಣದ ಹಾಗೆ ಎಲ್ಲ ಹೊರಡುತ್ತಿದ್ದರು. ರಾತ್ರಿಯೆಲ್ಲ ಪ್ರಯಾಣ, ಬೆಳಿಗ್ಗೆ ಬೆರಳಿಗೆ ಶಾಯಿ, ಮತ್ತೆ ಬಸ್ಸು. ಇಲ್ಲೇ ದುಡಿದು, ಇಲ್ಲೇ ಮಕ್ಕಳನ್ನು ಹೆತ್ತು, ಇಲ್ಲಿನ ಸೊಳ್ಳೆಗೆ ರಕ್ತ ಕೊಟ್ಟು, ವೋಟು ಮಾತ್ರ ಆರುನೂರು ಕಿಲೋಮೀಟರ್ ಆಚೆ! ನನಗೆ ತಡೆಯದೆ ಒಂದು ಸಲ ಕೇಳಿಯೇಬಿಟ್ಟೆ. "ಅಲ್ಲಾ ಮೇಸ್ತ್ರಿ, ವೋಟು ಇಲ್ಲಿಗೇ ಹಾಕಿಸ್ಕೊಂಡ್ರೆ ನಿಮ್ಮ ಗಂಟೇನ್ರೀ ಹೋಗುತ್ತೆ?"

"ಅಕ್ಕಾರ, ರೊಟ್ಟಿ ಸಿಕ್ಕ ಕಡಿ ತಿಂತೀವ್ರಿ. ಅದು ಬ್ಯಾರೆ. ವೋಟು ಇದ್ದ ಕಡಿನೇ ಊರು. ಅದನ್ನ ಕಿತ್ತಿಸಿದ್ರ ನಾವು ಯಾವ ಊರವ್ರು ಅಂತ ಹೇಳ್ಬೇಕ್ರಿ?" ಅಂದ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಹೆಸರು ಹೋದ್ರ ರೇಷನ್ ಕಾರ್ಡೂ ಹೋಗ್ತದ, ಅಪ್ಪನ ಮನಿಯಾಗಿನ ಪಾಲೂ ಹೋಗ್ತದ್ರಿ" ಎಂದೂ ಸೇರಿಸಿದ.

ಇದನ್ನು ಆಯಪ್ಪನ ತಲೆಗೆ ತುಂಬಿದ ಪುಣ್ಯಾತ್ಮ ಯಾರೋ ಕಾಣೆ. ಅಪ್ಪನ ಮನೆಯ ಪಾಲಿಗೂ ವೋಟಿಗೂ ಎತ್ತಣಿಂದೆತ್ತ ಸಂಬಂಧ? ಆದರೆ ಆ ದಡದ ಪ್ರತಿ ರೂಮಿನಲ್ಲೂ ಈ ಭಯವಿತ್ತು. ಮೇಸ್ತ್ರಿಯೇ ಹೇಳಿದ ಮೇಲೆ ಭಯ ಗಟ್ಟಿಯಾಗದೆ ಇರುತ್ತದೆಯೇ?

ಮಳೆಗಾಲದಲ್ಲಿ ಕಾಲುವೆ ಉಕ್ಕಿದರೆ ಮೊದಲೆಲ್ಲ ಎರಡೂ ದಡಕ್ಕೆ ನೀರು ಬರುತ್ತಿತ್ತು. ನಮ್ಮ ಮನೆಗೂ ಪಾದ ಮುಳುಗುವಷ್ಟು, ಅವರ ರೂಮಿಗೂ ಅಷ್ಟೇ. ಆಗ ನಮ್ಮ ವಾರ್ಡಿನ ಕಾರ್ಪೊರೇಟರ್ ನರೇಶ್ ಎಂಬಾತ. ನಾವು ಈ ದಡದವರು ಅವನ ಬಾಗಿಲಿಗೆ ಹೋಗಿ ಗಲಾಟೆ ಮಾಡಿದೆವು. ಅವಧಿ ಮುಗಿಯುವ ಮುಂಚೆ ನಮ್ಮ ಕಡೆಗೆ ಆಳೆತ್ತರದ ತಡೆಗೋಡೆ ಎದ್ದಿತು. ನಮ್ಮ ಕಡೆಗೆ ಮಾತ್ರ. ನೀರಿಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದಕ್ಕೆ ನುಗ್ಗದೆ ಏನು ಮಾಡೀತು? ಆ ವರ್ಷ ರೂಮುಗಳಲ್ಲಿ ಮೊಣಕಾಲುದ್ದ ನೀರು. ಹಿಟ್ಟು, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಕೊಚ್ಚೆಯಲ್ಲಿ ತೇಲಿದವು.

ಸುಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ನನ್ನ ಅಂಗಡಿಗೆ ಬಂದಳು. "ಅಕ್ಕಾ, ನಡೀರಿ, ಆ ನರೇಶಪ್ಪನ ಮನಿ ತೋರಿಸ್ರಿ." ಹೊರಟೆವು. ಅವನ ಅವಧಿ ಅಷ್ಟರಲ್ಲಿ ಮುಗಿದಿತ್ತು. ಹೊಸ ಎಲೆಕ್ಷನ್ ವರ್ಷಗಟ್ಟಲೆ ಆಗಲೇ ಇಲ್ಲವಾಗಿ ಎಲ್ಲರ ಬಾಯಲ್ಲಿ ಅವನೇ ಕಾರ್ಪೊರೇಟರ್, ಇಂಜಿನಿಯರುಗಳೂ ಅವನ ಮಾತನ್ನೇ ಕೇಳುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಅವನು ಸಮಾಧಾನವಾಗಿಯೇ ಕೇಳಿದ.

"ಬೇಜಾರ್ ಮಾಡ್ಕೋಬೇಡಮ್ಮ, ಇರೋದ್ ಇದ್ದಂಗೆ ಹೇಳ್ಬಿಡ್ತೀನಿ. ಆ ಕಡೆ ನಂಗೆ ಒಂದು ವೋಟಿಲ್ಲ. ಬರೋ ಗ್ರಾಂಟ್‌ನಲ್ಲಿ ವೋಟ್ ಹಾಕ್ದೋರಿಗೆ ಮಾಡ್ಲಾ, ಹಾಕ್ದೇ ಇರೋರಿಗೆ ಮಾಡ್ಲಾ? ನೀನೇ ಹೇಳು."

"ಮಂದಿ ಎಣಸ್ಲಿಕ್ಕೆ ಬಂದಾಗ ನಮ್ಮನ್ನೂ ಎಣಿಸ್ಕೊಂಡು ಹೋದ್ರಲ್ರಿ? ಆವಾಗ ನಾವು ಇಲ್ಲಿಯವ್ರು, ಈಗ ಅಲ್ಲೇನ್ರಿ?"

ನರೇಶ ನಕ್ಕ. "ಅದು ವಾರ್ಡ್ ಮಾಡೋಕಮ್ಮ. ವಾರ್ಡ್ ಮಾಡೋಕೆ ತಲೆ ಲೆಕ್ಕ, ಗೆಲ್ಲೋಕೆ ವೋಟ್ ಲೆಕ್ಕ. ವೋಟ್ ಇಲ್ಲಿಗೆ ತಗೊಂಡ್ಬನ್ನಿ, ಗೋಡೆ ನಾನು ತರ್ತೀನಿ."

ಕಳ್ಳನಾದರೂ ಸುಳ್ಳು ಹೇಳಲಿಲ್ಲ. ಸುಭದ್ರಮ್ಮ ಬಿರಬಿರನೆ ಮನೆಯ ಕಡೆ ನಡೆದಳು. ಸೇತುವೆಯ ಹತ್ತಿರ ನಿಂತು, "ಆತ ಹೇಳಿದ್ದರಾಗ ಏನ್ ತಪ್ಪದ ಅಕ್ಕಾ? ಅಳೋ ಕೂಸಿಗೇ ಹಾಲು. ನಾವು ಅಳೋದು ಒಂದ್ ಊರಾಗ, ಹಾಲು ಕೇಳೋದು ಇನ್ನೊಂದ್ ಊರಾಗ" ಅಂದಳು.

ಮಾರನೆಯ ದಿನದಿಂದ ರೂಮು ರೂಮು ತಿರುಗಿದಳು. ಹೆಂಗಸರು ಬೇಗ ಒಪ್ಪಿದರು, ನೀರು ಬಳಿದು ಹಾಕುವವರು ಅವರೇ ತಾನೆ! ಗಂಡಸರು ಗೊಣಗುತ್ತ ಒಪ್ಪಿದರು. ಇಲ್ಲಿನ ವೋಟರ್ ಲಿಸ್ಟಿಗೆ ಹೆಸರು ಸೇರಿಸುವ ಕೆಲಸ ಅಂಗನವಾಡಿ ಟೀಚರ್ ಬಿಲ್ಕೀಸ್ ಅವರದು. ಒಂದು ಭಾನುವಾರ ಅವರು ಬಂದು ನನ್ನ ಅಂಗಡಿಯ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಸೇತುವೆಯ ತುಂಬ ಜನ. ನನಗೂ ಏನೋ ಹುರುಪು, ಎಲ್ಲರಿಗೂ ಟೀ ಮಾಡಿ ಕೊಟ್ಟೆ.

ಆಗ ಬಂದ ನಮ್ಮ ಮೇಸ್ತ್ರಿ, ಕಿವಿಯಲ್ಲಿ ಇನ್ನೂ ಫೋನು. ಊರಿನಿಂದ ತಮ್ಮ ಭೀಮು ಮಾಡಿದ್ದ. ಅವರ ಓಣಿಯಿಂದ ಗ್ರಾಮ ಪಂಚಾಯತಿಗೆ ಆರಿಸಿ ಹೋಗಿದ್ದವರು ತೀರಿಕೊಂಡು ಆ ಜಾಗಕ್ಕೆ ಉಪಚುನಾವಣೆ ಬಂದಿತ್ತಂತೆ. ಕಳೆದ ಸಲ ಭೀಮು ಕೂದಲೆಳೆಯಲ್ಲಿ ಸೋತಿದ್ದ, ಈ ಸಲ ಮತ್ತೆ ನಿಲ್ಲುತ್ತಾನೆ. ಒಂದು ಬಸ್ಸಿನ ಜನ ಆ ಓಣಿಯ ಸೋಲು ಗೆಲುವನ್ನು ತಿರುಗಿಸಬಲ್ಲರು.

"ಯಾರೂ ಹೆಸರು ಕೊಡಬ್ಯಾಡ್ರಿ" ಅಂದ. "ಊರಾಗ ನಮ್ಮವ ಒಬ್ಬ ಮೆಂಬರ್ ಆಗೋ ಟೈಮದಾಗ ವೋಟು ಕಡಿಸ್ತೀರೇನು? ನಾಳೆ ರೇಷನ್ ಹೋತು, ಮನಿ ಹೋತು ಅಂತ ನನ್ನ ಹತ್ರ ಬರಬ್ಯಾಡ್ರಿ ಮತ್ತ."

"ಯಾರ್ ಸಾರ್ ಹೇಳಿದ್ದು ನಿಮ್ಗೆ? ರೇಷನ್‌ಗೂ ಇದ್ಕೂ ಸಂಬಂಧಾನೇ ಇಲ್ಲ. ಅಲ್ಲಾಣೆ ಹೇಳ್ತೀನಿ" ಎಂದು ಬಿಲ್ಕೀಸ್ ಅಂಗಲಾಚಿದರು. ಯಾರು ಕೇಳಬೇಕು? ಒಬ್ಬೊಬ್ಬರಾಗಿ ಹಿಂದೆ ಸರಿದರು. ಟೀ ಲೋಟಗಳನ್ನು ಅಲ್ಲಲ್ಲೇ ಇಟ್ಟು ಸೇತುವೆ ದಾಟಿ ಹೋದರು. ನಾನು ಕೂಗಾಡಿದೆ. "ನಿಮ್ಮ ತಮ್ಮ ಅಲ್ಲಿ ಗೆದ್ರೆ ಇಲ್ಲಿ ಬಂದು ನೀರು ಬಳೀತಾನೇನ್ರೀ ಮೇಸ್ತ್ರಿ?" ಆಯಪ್ಪ ತಲೆ ತಗ್ಗಿಸಿಕೊಂಡು ನಿಂತ, ಆದರೆ ಮಾತು ಬದಲಿಸಲಿಲ್ಲ.

ಸುಭದ್ರಮ್ಮ ಮಾತ್ರ ಟೀಚರ ಮುಂದೆ ಬಂದು ಕೂತಳು. "ನನ್ನ ಹೆಸರು ಬರ್ಕೋರಿ ಟೀಚರ್."

"ಏ ಸುಭದ್ರಾ!"

"ನಿಮ್ಮ ಊರು ನಿಮಗಿರ್ಲಿ. ನಾ ಕೂಡೋದು ಈ ನೀರಾಗ. ನನ್ನ ವೋಟೂ ನೀರಿದ್ದ ಕಡಿನೇ ಇರ್ಲಿ."

ಹಾಗೆ ಆ ದಡಕ್ಕೆ ಒಂದು ವೋಟು ಬಂತು. ಒಂದೇ ಒಂದು. ನಾವೆಲ್ಲ ರೇಗಿಸುತ್ತಿದ್ದೆವು, "ಬಂದ್ಲಪ್ಪ ಆ ದಡದ ಎಮ್ಮೆಲ್ಲೆ" ಅಂತ. ಅವಳೂ ಸೊಂಟದ ಮೇಲೆ ಕೈಯಿಟ್ಟು, "ಅರ್ಜಿ ಕೊಟ್ಟು ಮಾತಾಡ್ರಿ" ಅನ್ನುತ್ತಿದ್ದಳು. ಮೇಸ್ತ್ರಿ ಕೆಲವು ದಿನ ಅವಳೊಂದಿಗೆ ಮಾತು ಬಿಟ್ಟ. ಆಮೇಲೆ ತಾನೇ ಸೋತು ಮಲ್ಲಿಗೆ ತಂದ. ಮನೆಯಲ್ಲಿ ಎಲ್ಲ ಸರಿಹೋಯಿತು, ವೋಟು ಮಾತ್ರ ಇದ್ದಲ್ಲೇ ಇತ್ತು.

ಉಪಚುನಾವಣೆ ಬಿದ್ದದ್ದು ಮಳೆಗಾಲದ ಕೊನೆಯಲ್ಲಿ, ಒಂದು ಭಾನುವಾರ. ಶನಿವಾರ ಸಂಜೆ ಬಸ್ಸು ಬಂತು. ಕೈಕಾಲು ಗಟ್ಟಿಯಿದ್ದವರೆಲ್ಲ ಹತ್ತಿದರು. ಮಕ್ಕಳಿಗೆ ಸೋಮವಾರ ಸ್ಕೂಲು, ಮುದುಕರಿಗೆ ಅಷ್ಟು ದೂರ ಆಗದು. ಅವರನ್ನೆಲ್ಲ ಸುಭದ್ರಮ್ಮನಿಗೆ ಒಪ್ಪಿಸಿದರು. ಅವಳಿಗೆ ಹೇಗೂ ಅಲ್ಲಿ ವೋಟಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೋಡ ಕವಿಯಿತು. ಅಯ್ಯೋ ದೇವರೇ, ಅಂಥ ಮಳೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡನೋಡುತ್ತ ಕಾಲುವೆ ತುಂಬಿತು. ನಮ್ಮ ಗೋಡೆಗೆ ಬಡಿದ ನೀರೆಲ್ಲ ಮಗುಚಿ ಆ ದಡಕ್ಕೆ ಹೋಗುತ್ತಿತ್ತು. ಸುಭದ್ರಮ್ಮ ಸಣ್ಣ ಮಕ್ಕಳನ್ನು ಎರಡು ಕಂಕುಳಲ್ಲಿ ಎತ್ತಿಕೊಂಡು ಸೇತುವೆ ದಾಟಿ ಬಂದಳು, ನನ್ನ ಮನೆಯೊಳಗೆ ಇಳಿಸಿದಳು, ಮತ್ತೆ ಓಡಿದಳು. ನಾನೂ ಹೋದೆ. ನನ್ನ ಮಂಡಿನೋವಿನ ಕಾಲಿಗೆ ಆ ಸೆಳೆತ ತಡೆಯಲಿಲ್ಲ, ಸೇತುವೆಯ ತುದಿಯಲ್ಲೇ ನಿಂತು ಮಕ್ಕಳನ್ನು ಕೈಗೆ ತೆಗೆದುಕೊಂಡೆ. ನಮ್ಮ ಓಣಿಯ ಒಂದಿಬ್ಬರು ಹುಡುಗರು ಬಂದರು. ಆ ದಡದ ಗಂಡಸರಿದ್ದಿದ್ದರೆ ಹತ್ತು ನಿಮಿಷದ ಕೆಲಸ. ಗಾರೆ ಬಾಂಡ್ಲಿ ಎತ್ತಿ ಎತ್ತಿ ತೋಳು ಕಬ್ಬಿಣವಾದ ಗಂಡಸರು, ಎಲ್ಲರೂ ಆರುನೂರು ಕಿಲೋಮೀಟರ್ ಆಚೆ ಸರದಿಯಲ್ಲಿ ನಿಂತಿದ್ದರು!

ಕೊನೆಗೆ ಉಳಿದದ್ದು ಲಕ್ಷ್ಮಿದೇವಿ ಎಂಬ ಕಣ್ಣು ಕಾಣದ ಮುದುಕಿ. ಅವಳನ್ನು ಬಾಗಿಲ ತನಕ ನಡೆಸಿಕೊಂಡು ಬಂದು ಹುಡುಗರ ಕೈಗೆ ಕೊಟ್ಟದ್ದನ್ನು ಈ ಕಣ್ಣಲ್ಲೇ ನೋಡಿದೆ. ಸುಭದ್ರಮ್ಮ ಅವಳ ಹಿಂದೆಯೇ ಇದ್ದಳು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹೊರಗೆ. ನೀರು ಕುಡಿದು ಕುಡಿದು ನಿಂತಿದ್ದ ಹಿಂದಿನ ಗೋಡೆ ಶೀಟಿನ ಸಮೇತ ಒಳಕ್ಕೆ ಬಿತ್ತು. ಹುಡುಗರು ಬ್ಲಾಕುಗಳನ್ನು ಎತ್ತಿ ಎಸೆದು ಅವಳನ್ನು ಹೊರಗೆ ತಂದಾಗ ಜೀವವಿರಲಿಲ್ಲ.

ಮೇಸ್ತ್ರಿಗೆ ಫೋನು ಮಾಡಬೇಕಾದವಳು ನಾನೇ. ಒಂದೇ ರಿಂಗಿಗೆ ಎತ್ತಿದ. ಹಿಂದೆ ಗದ್ದಲ, ನಗು. "ಅಕ್ಕಾರ! ವೋಟಿಂಗ್ ಭಾರೀ ಆತ್ರಿ. ಭೀಮೂಂದು ಗ್ಯಾರಂಟಿ. ಸುಭದ್ರಾಗ ಹೇಳ್ರಿ, ಆಕಿ ಒಂದ್ ವೋಟು ಇಲ್ದಿದ್ರೂ ನಡೀತದ ಅಂತ!"

ನಾನು ಹೇಗೆ ಹೇಳಿದೆನೋ ನೆನಪಿಲ್ಲ. ಆ ಕಡೆಯ ನಗು ನಿಂತದ್ದು ನೆನಪಿದೆ.

ಊರಿಗೇ ಒಯ್ದು ಮಣ್ಣು ಮಾಡಿದರು. ಆ ವಾರವೇ ಎಣಿಕೆಯಾಗಿ ಭೀಮು ಮೂರು ವೋಟಿನಿಂದ ಗೆದ್ದ. ಅಣ್ಣನ ಮನೆಯಲ್ಲಿ ಸೂತಕ ಎಂದು ಅವನು ಹಾರ ಹಾಕಿಸಿಕೊಳ್ಳಲಿಲ್ಲವಂತೆ. ಅಷ್ಟಾದರೂ ಮರ್ಯಾದೆ ಇತ್ತಲ್ಲ.

ಭಗವಂತರಾಯ ಮರಳಿ ಬಂದಾಗ ನಾನು ಬೈಯಬೇಕೆಂದೇ ಕಾದಿದ್ದೆ. ಎಷ್ಟು ಮಾತು ಕೂಡಿಟ್ಟಿದ್ದೆ! ಆಯಪ್ಪ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಲುವೆಯನ್ನೇ ನೋಡಿದ. ಗಡ್ಡ ಬಿಟ್ಟಿದ್ದ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಬೈಯುವುದನ್ನು ಬಿಟ್ಟು ಒಳಗೆ ಹೋಗಿ ಒಲೆ ಹಚ್ಚಿದೆ. ಟೀ ಕೊಟ್ಟೆ, ಆರಿ ತಣ್ಣಗಾಯಿತು.

"ಟೀಚರ್ ಫೋನ್ ನಂಬರ್ ಕೊಡ್ರಿ ಅಕ್ಕಾರ" ಅಂದ.

ಈಗ ಆಯಪ್ಪ ರೂಮು ರೂಮು ತಿರುಗಲು ಹೊರಟ. ಹೆಂಡತಿ ತಟ್ಟಿದ ಬಾಗಿಲುಗಳನ್ನೇ ತಟ್ಟಿದ. ಅಲ್ಲಿ ಏನು ಸುಲಭವೇ? "ರೇಷನ್ ಹೋಗ್ತದ ಅಂತ ನೀವೇ ಹೇಳಿದ್ರಲ್ಲೋ ಮಾವಾ?" ಎಂದು ಮುಖಕ್ಕೇ ಕೇಳಿದರು. "ಹೇಳಿದಾಂವ ನಾನೇ. ಹೇಳಿದ್ದು ತಪ್ಪು. ನನ್ನ ಮಾತು ಕೇಳಿ ಕೆಟ್ರಿ, ಈಗೊಂದ್ ಸಲ ಆಕಿ ಮಾತು ಕೇಳ್ರಿ" ಎಂದು ಕೈ ಮುಗಿಯುತ್ತಿದ್ದ. ಎಷ್ಟೋ ಜನರ ಎದುರು ತಲೆ ಎತ್ತಿ ತಿರುಗಿದವನು ಹುಡುಗರ ಎದುರಿಗೂ ತಲೆ ಬಾಗಿಸಿದ. ಒಬ್ಬರ ಹೆಸರು ಸೇರಿತು, ಆ ತಿಂಗಳ ರೇಷನ್ ಊರಿನಲ್ಲಿ ನಿಲ್ಲಲಿಲ್ಲ. ಅದನ್ನು ನೋಡಿ ಇನ್ನೊಬ್ಬರು. ಹೀಗೆ ವರ್ಷ ತುಂಬುವಷ್ಟರಲ್ಲಿ ಆ ದಡದವರೆಲ್ಲ ಇಲ್ಲಿನ ವೋಟರುಗಳಾದರು.

ಆಗ ಆಯಪ್ಪ ಬಿಳಿ ಅಂಗಿ ಹಾಕಿಕೊಂಡು ನರೇಶನ ಮನೆಗೆ ಹೋದ. ನನ್ನನ್ನೂ ಕರೆದ. ನರೇಶ ಎದ್ದು ನಿಂತು ಮಾತಾಡಿಸಿದ, ಸುಭದ್ರಮ್ಮನ ಬಗ್ಗೆ ಒಂದೆರಡು ಒಳ್ಳೆಯ ಮಾತನ್ನೂ ಆಡಿದ. ಆಮೇಲೆ ತಲೆ ಕೆರೆದುಕೊಂಡ.

"ಮೇಸ್ತ್ರಿ, ಒಂದು ವಿಷ್ಯ ಆಗ್ಬಿಟ್ಟಿದೆ. ಪಾಲಿಕೆ ಒಡೆದು ಐದು ಮಾಡಿದ್ರಲ್ಲ, ವಾರ್ಡೆಲ್ಲ ಹೊಸದಾಗಿ ಹಾಕಿದ್ದಾರೆ. ಗಡಿಗೆ ಏನ್ ಹಿಡೀತಾರೆ? ರಸ್ತೆ, ರೈಲ್ವೆ ಲೈನು, ಕಾಲುವೆ. ನಮ್ಮಲ್ಲಿ ಕಾಲುವೇನೇ ಗಡಿ ಆಗೋಯ್ತು. ಈ ದಡ ನಂದು. ಆ ದಡ ರೈಲ್ವೆ ಲೈನ್ ಆಚೆಯೋರ ಜೊತೆ ಸೇರ್ಕೊಂಡಿದೆ. ನೀವೀಗ ನಮ್ ವಾರ್ಡೇ ಅಲ್ಲ."

ನಾನು ಹಣೆ ಚಚ್ಚಿಕೊಂಡೆ. ಸೇತುವೆ ದಾಟಿದರೆ ನನ್ನ ಅಂಗಡಿ, ರೈಲ್ವೆ ಲೈನಿನ ಆಚೆಗೆ ಹೋಗಬೇಕಾದರೆ ಸುತ್ತು ಬಳಸು ಆಟೋ. ಯಾವ ಮಹಾನುಭಾವ ಕೂತು ಗೆರೆ ಎಳೆದನೋ! ಮೇಸ್ತ್ರಿ ಕೈ ಮುಗಿದು ಎದ್ದ. ಎರಡು ದಿನ ಅಂಗಡಿಯ ಕಡೆ ಸುಳಿಯಲಿಲ್ಲ.

ಮೂರನೆಯ ದಿನ ಒಬ್ಬ ಹೆಂಗಸು ಸ್ಕೂಟರಿನಲ್ಲಿ ಆ ದಡಕ್ಕೆ ಬಂದಿಳಿದಳು. ಹೆಸರು ಯಮುನಾ, ರೈಲ್ವೆ ಲೈನಿನ ಆಚೆಯವಳು. ಹೊಸ ವಾರ್ಡು ಹೆಂಗಸರಿಗೆ ಮೀಸಲು, ತಾನು ನಿಲ್ಲಬೇಕೆಂದಿದ್ದೇನೆ ಅಂದಳು. ಹೊಸ ವಾರ್ಡುಗಳು ಹಳೆಯವಕ್ಕಿಂತ ಸಣ್ಣವು. ಸಣ್ಣ ವಾರ್ಡಿನಲ್ಲಿ ಒಂದೇ ಕಡೆ ಒಟ್ಟಾಗಿರುವ ನೂರು ವೋಟು ಎಂದರೆ ಚಿನ್ನದ ಗಣಿ. ಕರೆಯದೆಯೇ ಬಂದಿದ್ದಳು. ಮೇಸ್ತ್ರಿಯ ಮುಂದೆ ನಿಂತು, "ಅಣ್ಣಾ, ನಿಮ್ಗೆ ಏನಾಗ್ಬೇಕು ಹೇಳಿ" ಅಂದಳು. ಆಯಪ್ಪ ಕೈಯೆತ್ತಿ ನಮ್ಮ ದಡದ ಗೋಡೆಯನ್ನು ತೋರಿಸಿದ.

ಎಲೆಕ್ಷನ್ ತಾರೀಖು ಇನ್ನೂ ಗೊತ್ತಾಗಿರಲಿಲ್ಲ. ಅವಳು ಯಾರನ್ನು ಹಿಡಿದಳೋ, ಯಾವ ಗ್ರಾಂಟು ತಂದಳೋ, ಜಲ್ಲಿ ಬಂತು, ಕಬ್ಬಿಣ ಬಂತು. ಕಂಟ್ರಾಕ್ಟರನ ಹತ್ತಿರ ಹೋಗಿ ಮೇಸ್ತ್ರಿ ಕೆಲಸ ಕೇಳಿ ಪಡೆದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾಲುವೆಗೆ ಇಳಿಯುತ್ತಿದ್ದ. ಆ ದಡದ ಗಂಡಸರೆಲ್ಲ ಕೈ ಹಾಕಿದರು. ತಿಂಗಳು ತುಂಬುವ ಮೊದಲೇ ಆ ತುದಿಯಿಂದ ಈ ತುದಿಗೆ ಗೋಡೆ ಎದ್ದು ನಿಂತಿತು. ನಮ್ಮದಕ್ಕಿಂತ ಒಂದು ಗೇಣು ಎತ್ತರವೇ.

ಕೊನೆಯ ದಿನ ಸಂಜೆ ಉಳಿದವರು ಸಾಮಾನು ತೊಳೆದುಕೊಂಡು ಹೋದರು. ಆಯಪ್ಪ ಸೇತುವೆಯ ಮೇಲೆ ನಿಂತು ಗೋಡೆಯನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನೋಡುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಇಷ್ಟೇ ಇತ್ತೇನ್ರಿ ಅಕ್ಕಾರ, ಕೆಲಸ?" ಎಂದು ಕೇಳಿದ.

ಆಯಪ್ಪನಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಹ್ಞೂಂ ಕಣ್ರೀ ಮೇಸ್ತ್ರಿ" ಅಂದೆ. "ಇಷ್ಟೇ."